ಅರ್ಥವಾದವರು ಹೊರಗೆ

ಇದು ನಿಜವಾಗಿ ನಡೆದದ್ದು. ನಾನು ಹೀಗೆಂದ ಕೂಡಲೇ ನಮ್ಮೂರಿನ ಅರ್ಧ ಜನ ಎದ್ದು ಹೋಗುತ್ತಾರೆ, ಇನ್ನರ್ಧ ಜನ ‘ಇವತ್ತು ಯಾರ ಥರ ಮಾತಾಡ್ತಾನೋ’ ಎಂದು ಹತ್ತಿರ ಬಂದು ಕೂರುತ್ತಾರೆ. ಊರಿನ ಸುಮಾರು ಎಲ್ಲರ ದನಿಯೂ ನನಗೆ ಬರುತ್ತದೆ. ಹಿಟ್ಟಿನ ಗಿರಣಿಯವನು ಸೀನುವುದು, ಪೋಸ್ಟ್ ಮಾಸ್ತರರು ಸ್ಟಾಂಪಿನ ಮೇಲೆ ಸೀಲು ಗುದ್ದಿ ‘ಹೋಯ್ತು’ ಎನ್ನುವುದು, ಮುನಿಸಿಪಾಲಿಟಿ ಅಧ್ಯಕ್ಷೆ ಮೈಕಿನ ಮುಂದೆ ಬಂದು ಮೊದಲು ಕೆಮ್ಮಿ ಆಮೇಲೆ ‘ಬಂಧುಗಳೇ’ ಎನ್ನುವುದು, ಎಲ್ಲವೂ. ಈ ಕಥೆಯಲ್ಲಿ ನಾನು ಸೇರಿಸಿದ್ದೇನಾದರೂ ಇದ್ದರೆ ಅದು ಉಪ್ಪು ಮಾತ್ರ. ಅಡುಗೆ ಊರಿನದೇ.

ನಮ್ಮೂರಿನಲ್ಲಿ ಪಾಠ ನಡೆಯುವ ಕೋಣೆಯ ಬಾಗಿಲು ಅರ್ಥವಾದವರಿಗೆ ಮಾತ್ರ ತೆರೆಯುತ್ತದೆ. ಒಳಗೆ ಯಾರು ಬೇಕಾದರೂ ಹೋಗಬಹುದು. ಹೊರಗೆ ಬರಬೇಕಾದರೆ ಪಾಠ ತಲೆಗೆ ಹತ್ತಿರಬೇಕು. ಹತ್ತಿದ್ದರೆ ಹಾಗೆ ಮುಟ್ಟಿದರೂ ಸಾಕು. ಹತ್ತದಿದ್ದರೆ ಎತ್ತು ಕಟ್ಟಿ ಎಳೆಸಿದರೂ ಅದು ಜಗ್ಗುವುದಿಲ್ಲ. ಒಬ್ಬರ ಬೆನ್ನಿಗೆ ಅಂಟಿಕೊಂಡು ಇನ್ನೊಬ್ಬರು ನುಸುಳುವುದಕ್ಕೂ ಆಗದು, ಹೊಸ್ತಿಲು ಕಾಲು ಹಿಡಿದುಕೊಳ್ಳುತ್ತದೆ. ಕೊನೆಯ ವಿದ್ಯಾರ್ಥಿ ಹೊರಬಿದ್ದ ಮೇಲೆ ಪಾಠ ಮುಗಿದಂತೆ. ಆಮೇಲೆ ಬಾಗಿಲು ಬರೀ ಮರದ ಹಲಗೆ, ಮೇಷ್ಟರು ಸೀಮೆಸುಣ್ಣದ ಕೈ ಕೊಡವಿಕೊಂಡು ಹೊರಗೆ ಬರುತ್ತಾರೆ. ವಿದ್ಯಾರ್ಥಿಗಳು ಒಳಗಿರುವಾಗ ಮೇಷ್ಟರು ಬಾಗಿಲಿಗೆ ಕೈ ಹಚ್ಚುವುದು ನಮ್ಮಲ್ಲಿ ಮರ್ಯಾದೆಯಲ್ಲ, ಪಂಕ್ತಿಯಲ್ಲಿ ಊಟದ ನಡುವೆ ಎದ್ದು ಹೋದ ಹಾಗೆ.

ಇದಕ್ಕೆಲ್ಲ ಊರು ಒಗ್ಗಿಕೊಂಡಿದೆ. ಮಗ್ಗಿ ಹೇಳಿಕೊಡುವ ದಿನ ಶಾಲೆಯ ಕಿಟಕಿಯ ಹೊರಗೆ ತಾಯಂದಿರು ಮೊಸರನ್ನದ ಡಬ್ಬಿ ಹಿಡಿದು ನಿಲ್ಲುತ್ತಾರೆ. ಹೊಲಿಗೆ ಕ್ಲಾಸಿನಲ್ಲಿ ರವಿಕೆಗೆ ತೋಳು ಕೂಡಿಸುವ ಪಾಠವಿದ್ದರೆ ಹೆಂಗಸರು ಹಾಸಿಗೆ ಸುತ್ತಿಕೊಂಡೇ ಹೋಗುತ್ತಾರೆ. ಗಂಡು ನೋಡಲು ಬಂದವರು ಉದ್ಯೋಗ ಕೇಳುವ ಮೊದಲು ‘ಹುಡುಗ ಲೆಕ್ಕದಲ್ಲಿ ಎಷ್ಟು ದಿನ ಒಳಗಿದ್ದ?’ ಎಂದು ಕೇಳುತ್ತಾರೆ. ಕಿಟಕಿಯ ಸರಳುಗಳನ್ನು ತಟ್ಟೆ ತೂರುವಷ್ಟು ಅಗಲವಾಗಿ ಇಟ್ಟಿರುತ್ತಾರೆ. ಕ್ಷೌರದವನು ಹೊರಗೆ ಸ್ಟೂಲು ಹಾಕಿಕೊಂಡು ಸರಳುಗಳ ನಡುವೆಯೇ ಗಡ್ಡ ಹೆರೆದುಕೊಡುತ್ತಾನೆ. ಸಾಕಮ್ಮನ ಮೆಸ್ಸಿನ ಬೋರ್ಡಿನಲ್ಲಿ ‘ಕಿಟಕಿ ಊಟ ದೊರೆಯುತ್ತದೆ’ ಎಂದೇ ಬರೆಸಿದ್ದಾರೆ.

ನಾನು ಬಿ.ಎಸ್ಸಿ. ಮೊದಲ ವರ್ಷಕ್ಕೆ ಸೇರಲು ಹೋದಾಗ ಭೌತಶಾಸ್ತ್ರದ ಹಾಲಸ್ವಾಮಿ ಸಾರ್ ಮೇಜಿನ ಹಿಂದೆ ಕೂತು ಎಲ್ಲರನ್ನೂ ಅಕ್ಕರೆಯಿಂದ ಕರೆದರು. “ಬನ್ರಯ್ಯಾ, ಮಾಡರ್ನ್ ಫಿಸಿಕ್ಸ್ ತಗೊಳ್ಳಿ. ಓಡೋ ರೈಲಿನಲ್ಲಿ ಗಡಿಯಾರ ನಿಧಾನ ಆಗೋದು, ಒಂದೇ ಕಣ ಎರಡು ಕಿಂಡೀಲಿ ಹೋಗೋದು, ಎಲ್ಲಾ ಬರುತ್ತೆ. ಗಣಿತಕ್ಕೆ ಹೆದರ್ಕೋಬೇಡಿ, ಕೂಡೋದು ಕಳೆಯೋದು ಬಂದ್ರೆ ಸಾಕು.” ನಾನೂ ನನ್ನ ಗೆಳೆಯ ಯೂನಸ್ಸೂ ಅದನ್ನು ನಂಬಿದೆವು. ರೈಲು, ಗಡಿಯಾರದ ಪಾಠಗಳಲ್ಲಿ ವರ್ಗಮೂಲವೊಂದು ಬಿಟ್ಟರೆ ಬೇರೆ ತಾಪತ್ರಯವಿರಲಿಲ್ಲ. ಎರಡು ಮೂರು ದಿನದಲ್ಲಿ ಬಾಗಿಲು ತೆರೆದು, ಹೊರಗೆ ಬಂದು ಬಿಸಿಲು ಕಾಯಿಸಿ, ಮುಂದಿನ ಪಾಠಕ್ಕೆ ಒಳಗೆ ಹೋಗುತ್ತಿದ್ದೆವು. ದಸರಾ ರಜೆ ಮುಗಿದ ಮೇಲೆ ಸಾರ್ ಬೋರ್ಡಿನ ಮೇಲೆ ತ್ರಿಶೂಲದಂಥ ಒಂದು ಅಕ್ಷರ ಬರೆದು “ಇದು ಸೈ” ಎಂದರು. ನಾವು “ಸೈ” ಎಂದೆವು. ಅಲೆಯ ಸಮೀಕರಣ ಕಲಿಯಲು ಹೋಗಿ ನಾವು ಅಲೆದದ್ದು ಅಲ್ಲಿಂದ ಶುರು.

ಆ ಸೈ ಹಿಂದೆ ಒಂದು ಗೂನುಬೆನ್ನಿನ ‘ಡಿ’ ಬಂತು. “ಈ ಡಿ ಯಾಕೆ ಸಾರ್ ಬಗ್ಗಿದೆ?” ಎಂದು ತ್ರಿವೇಣಿ ಕೇಳಿದಳು. ಅವಳು ಮೊದಲ ಬೆಂಚಿನವಳು, ಕೇಳದೆ ಬಿಡುವವಳಲ್ಲ.

“ಅದು ಪಾರ್ಷಿಯಲ್ ಡಿಫರೆನ್ಷಿಯೇಶನ್ ಅಮ್ಮಾ. ಗಣಿತದಲ್ಲಿ ಹೇಳಿಕೊಟ್ಟಿರಬೇಕಲ್ಲ?”

“ಚಂದ್ರಮತಿ ಮೇಡಂ ಅದನ್ನ ಎರಡನೇ ವರ್ಷ ಹೇಳ್ತಾರಂತೆ ಸಾರ್.”

“ಓ,” ಎಂದರು ಸಾರ್. “ಹೋಗ್ಲಿ, ಕಾಂಪ್ಲೆಕ್ಸ್ ನಂಬರು?”

“ಅದೂ ಎರಡನೇ ವರ್ಷಾನೇ ಸಾರ್.”

ಭೌತಶಾಸ್ತ್ರಕ್ಕೆ ಈ ವರ್ಷ ಬೇಕಾದದ್ದು ಗಣಿತದ ಕೋಣೆಯಲ್ಲಿ ಬರುವ ವರ್ಷ ಸಿಗುತ್ತದೆ. ಆ ಕೋಣೆಗೆ ಹೋಗಬೇಕಾದರೆ ಈ ಕೋಣೆಯಿಂದ ಹೊರಬೀಳಬೇಕು. ಹೊರಬೀಳಬೇಕಾದರೆ ಆ ಕೋಣೆಯ ಗಣಿತ ಬೇಕು. ಪಾಠಪಟ್ಟಿ ಮಾಡಿದ ಪುಣ್ಯಾತ್ಮರು ಬಾಗಿಲು ಬರೀ ಬಾಗಿಲಾಗಿರುವ ಊರಿನವರಿರಬೇಕು. ಸಾರ್ ಬೆನ್ನು ತಿರುಗಿಸಿ ಬರೆಯುತ್ತಲೇ ಹೋದರು. ಎಡಗಡೆ ಒಂದು ಸಲ ಡಿಫರೆನ್ಷಿಯೇಶನ್, ಬಲಗಡೆ ಎರಡು ಸಲ, ನಡುವೆ ಒಂದು ‘ಐ’, ಮೈನಸ್ ಒಂದರ ವರ್ಗಮೂಲ. ಅದು ಎಲ್ಲಿಂದ ಬಂತೆಂದು ನಾವು ಕೈ ಎತ್ತುವ ಹೊತ್ತಿಗೆ “ಇಲ್ಲಿಂದ ಸುಲಭವಾಗಿ ಬರುತ್ತೆ” ಎಂದು ಒರೆಸಿಬಿಟ್ಟರು. ಕ್ವಾಂಟಮ್ಮೋ ಕ್ವಾಟ್ಲೆಯೋ ಎಂದು ಯೂನಸ್ ನನ್ನ ಕಿವಿಯಲ್ಲಿ ಗೊಣಗಿದ.

ಆ ಪಾಠ ಚಳಿಗಾಲ ದಾಟಿ ಬೇಸಿಗೆಗೆ ನಡೆಯಿತು. ಬೆಂಚುಗಳನ್ನು ಜೋಡಿಸಿ ಮಲಗಿದೆವು, ಕಿಟಕಿಯಿಂದ ಉಂಡೆವು. ಒಬ್ಬೊಬ್ಬರೇ ಹೊರಬಿದ್ದರು. ತ್ರಿವೇಣಿಗೆ ಅವಳ ಅಕ್ಕ ಕಿಟಕಿಯ ಹೊರಗೆ ಕೂತು ವಾರಗಟ್ಟಲೆ ಗಣಿತ ಹೇಳಿಕೊಟ್ಟಳು. ಇನ್ನೊಬ್ಬನಿಗೆ ಹಲ್ಲುಜ್ಜುವಾಗ ಹೊಳೆಯಿತು, ಬಾಯಲ್ಲಿ ನೊರೆ ಇಟ್ಟುಕೊಂಡೇ ಓಡಿದ. ಒಂದು ಮಧ್ಯಾಹ್ನ ಯೂನಸ್ ಮುದ್ದೆ ಮುರಿಯುತ್ತಿದ್ದವನು ಕೈ ಅಲ್ಲೇ ನಿಲ್ಲಿಸಿ, ಗೋಡೆ ನೋಡಿ, ಎದ್ದು ಹೋಗಿ ಬಾಗಿಲು ಮುಟ್ಟಿದ. ತೆರೆಯಿತು. ಅವನು ಹೊರಗಿನಿಂದ ಕಿಟಕಿಗೆ ಬಂದಾಗ ನಾನು ಸರಳು ಹಿಡಿದು ಕೇಳಿದೆ.

“ಏನೋ ಅದು? ಹೇಳೋ ಬೇಗ!”

“ಗೊತ್ತಾಯ್ತು ಮಗಾ. ಹೇಳೋಕೆ ಬರ್ತಿಲ್ಲ.”

“ಗೊತ್ತಾದ್ರೆ ಹೇಳೋಕೆ ಬರಲ್ವೇನೋ?”

“ಹಸಿವಾಗೋದು ನಿಂಗೆ ಹೇಳಿಕೊಡ್ಲಾ? ಹಂಗೆ.” ಅವನ ಮುಖ ನೋಡಿದರೆ ಸುಳ್ಳಿರಲಿಲ್ಲ. ತಟ್ಟೆಯಲ್ಲಿ ಅವನು ಮುರಿದಿಟ್ಟ ಮುದ್ದೆ ಇತ್ತು. ಅದನ್ನೂ ನಾನೇ ತಿಂದೆ.

ನನ್ನ ಪಾಡು ಬೇರೆಯೇ ಇತ್ತು. ಆ ಪಾಠದ ಪೂರ್ತಿ ಮಾತು, ಮೊದಲ ಸಾಲಿನಿಂದ ಕೊನೆಯವರೆಗೆ, ನನಗೆ ಬಾಯಿಗೆ ಬರುತ್ತಿತ್ತು. ಹಾಲಸ್ವಾಮಿ ಸಾರ್ ಎಲ್ಲಿ ಮೂಗೇರಿಸುತ್ತಾರೆ, ಎಲ್ಲಿ ಸೀಮೆಸುಣ್ಣ ಕಿರ್ರೆನ್ನುತ್ತದೆ, ‘ಸುಲಭವಾಗಿ’ ಎನ್ನುವಾಗ ‘ಸು’ ಎಷ್ಟು ಉದ್ದ ಎಳೆಯುತ್ತಾರೆ, ಎಲ್ಲ ಸಮೇತ. ಕಿಟಕಿಗೆ ಊಟ ತರುವ ಸಾಕಮ್ಮ ಕಣ್ಣು ಮುಚ್ಚಿ ಕೇಳಿ, “ಅಯ್ಯೋ, ಸಾರೇ ನಿಂತು ಹೇಳ್ದಂಗೈತೆ ಕಣಪ್ಪಾ. ಇಷ್ಟು ಬರೋನ್ನ ಬಾಗಿಲು ಯಾಕೆ ಬಿಡಾಕಿಲ್ಲ?” ಎನ್ನುತ್ತಿದ್ದಳು. ಅದು ನನಗೂ ಗೊತ್ತಿರಲಿಲ್ಲ. ಪಾಠ ಒಪ್ಪಿಸಿದ ಹುರುಪಿನಲ್ಲೇ ಹೋಗಿ ಬಾಗಿಲು ದೂಡುತ್ತಿದ್ದೆ. ಗೋಡೆ ದೂಡಿದ ಹಾಗೆ.

ಬೇಸಿಗೆಯ ಹೊತ್ತಿಗೆ ಒಳಗೆ ಉಳಿದವರು ನಾವಿಬ್ಬರೇ, ನಾನು ಮತ್ತು ಹಾಲಸ್ವಾಮಿ ಸಾರ್. ಬೆಳಿಗ್ಗೆ ಅವರು ಖಾಲಿ ಬೆಂಚುಗಳಿಗೆಲ್ಲ ಕೇಳುವಂತೆ ಪಾಠ ಮಾಡುತ್ತಿದ್ದರು. ನಾನೊಬ್ಬನೇ ಇದ್ದೇನೆಂದು ದನಿ ಇಳಿಸುತ್ತಿರಲಿಲ್ಲ. ಮಧ್ಯಾಹ್ನ ತಟ್ಟೆ ತೊಳೆದು, ಅವರು ಬೋರ್ಡಿನ ಕಡೆಗೆ, ನಾನು ಕಿಟಕಿಯ ಕಡೆಗೆ ಮುಖ ಮಾಡಿ ಕೂರುತ್ತಿದ್ದೆವು. ಮಾತು ಬೇಗ ಮುಗಿದುಹೋಗಿತ್ತು. ಸಂಜೆ ಅವರ ಹೆಂಡತಿ ಕಿಟಕಿಗೆ ಬಂದು, ಒಗೆದ ಪಂಚೆ ಕೊಟ್ಟು, ನನ್ನ ಕಡೆ ನೋಡದೆ “ಇನ್ನೂ ಒಬ್ಬನಾ?” ಎಂದು ಕೇಳುತ್ತಿದ್ದರು. “ಇನ್ನೂ ಒಬ್ಬ,” ಎನ್ನುತ್ತಿದ್ದರು ಸಾರ್. ಆಕೆ ಮೈದಾನ ದಾಟಿ ಹೋಗುವವರೆಗೂ ಅವರು ಸರಳು ಬಿಡುತ್ತಿರಲಿಲ್ಲ. ಒಬ್ಬ ಮನುಷ್ಯನನ್ನು ಅವನ ಮನೆಯಿಂದ ಹೊರಗಿಟ್ಟವನು ನಾನು ಎಂದು ಆ ಹೊತ್ತಿನಲ್ಲಿ ಹೋಗಿ ಬಾಗಿಲನ್ನು ಇನ್ನೊಮ್ಮೆ ದೂಡಿ ನೋಡುತ್ತಿದ್ದೆ.

ಯೂನಸ್ ಮೊದಮೊದಲು ದಿನವೂ ಬರುತ್ತಿದ್ದ. ಆಮೇಲೆ ವಾರಕ್ಕೊಮ್ಮೆ ಬಂದ. ಆಮೇಲೆ ಅವರಿಗೆಲ್ಲ ಎರಡನೇ ವರ್ಷ ಶುರುವಾಯಿತು, ಅದೂ ನಮ್ಮ ಪಕ್ಕದ ಕೋಣೆಯಲ್ಲಿ, ಚಂದ್ರಮತಿ ಮೇಡಂ ಹತ್ತಿರ. ನಮ್ಮ ಕೋಣೆಯ ಹಿಂದೆ ಮುರಿದ ಉಪಕರಣಗಳನ್ನು ತುಂಬಿದ ಒಂದು ಪುಟ್ಟ ಕೋಣೆಯಿತ್ತು, ಅದರ ಗೋಡೆಯ ಎತ್ತರದಲ್ಲಿ ಆ ಕಡೆಗೊಂದು ಗವಾಕ್ಷಿ. ಅಲ್ಲಿ ಒಂದು ಹಳೇ ಬೆಂಚಿನ ಮೇಲೆ ಮಲಗಿದರೆ ನನ್ನ ಬ್ಯಾಚಿನವರೆಲ್ಲ ನಗುವುದು ಕೇಳುತ್ತಿತ್ತು. ಯಾರು ಯಾವ ಜೋಕಿಗೆ ನಗುತ್ತಾರೆಂದು ದನಿಯಿಂದಲೇ ಹೇಳಬಲ್ಲೆ. ಒಮ್ಮೆ ಯೂನಸ್ ನನ್ನದೇ ಹಳೇ ಜೋಕು ಹೇಳಿದ, “ಮಾಡರ್ನ್ ಫಿಸಿಕ್ಸ್ ಅಂದ್ರೆ ಮಾಡೋರೇ ಇಲ್ಲದ ಫಿಸಿಕ್ಸು” ಎಂದು. ಎಲ್ಲರೂ ನಕ್ಕರು. ಗೋಡೆಯ ಈ ಕಡೆ ನಾನೂ ನಕ್ಕೆ, ಒಂದು ಕ್ಷಣ ತಡವಾಗಿ.

ಇಷ್ಟರ ಮೇಲೆ ಪ್ರಿನ್ಸಿಪಾಲರು ಕಿಟಕಿಗೆ ಬಂದು ಹೇಳಿ ಹೋದರು: ಬರುವ ಸೋಮವಾರ ಹೊಸಬರು ಬರುತ್ತಾರೆ. ಕೋಣೆ ಖಾಲಿಯಾಗದಿದ್ದರೆ ಹೊಸಬರು ಇದೇ ಕೋಣೆಗೆ ಸೇರುತ್ತಾರೆ, ಪಾಠ ಮೊದಲಿನಿಂದ ಶುರು. ಅಂದರೆ ನಾನು ಇನ್ನೊಂದು ವರ್ಷ ಒಳಗೆ, ಹೊಸ ಹುಡುಗರ ನಡುವೆ ಹಳೆಯ ಮುಖವಾಗಿ. ನನ್ನ ದೆಸೆಯಿಂದ ಸಾರ್ ಕೂಡ ಮನೆ ಮುಖ ನೋಡದೆ ಇನ್ನೊಂದು ವರ್ಷ. ಆ ಸಂಜೆ ಹೆಂಡತಿ ಪಂಚೆ ಕೊಟ್ಟಾಗ ಸಾರ್ ವಿಷಯ ಹೇಳಿದರು. ಆಕೆ ಕೊಟ್ಟ ಪಂಚೆಯನ್ನೇ ವಾಪಸ್ ತೆಗೆದುಕೊಂಡು, ಮತ್ತೊಮ್ಮೆ ಮಡಿಸಿ ಕೊಟ್ಟರು.

ಮಾರನೆಯ ಮಧ್ಯಾಹ್ನ ನನಗೆ ತುಂಟತನ ಬಂತು. ದುಃಖ ಜಾಸ್ತಿಯಾದರೆ ನನಗೆ ಬರುವುದು ಅದೇ. ಚಂದ್ರಮತಿ ಮೇಡಂಗೂ ಹಾಲಸ್ವಾಮಿ ಸಾರ್‌ಗೂ ಎಷ್ಟೋ ವರ್ಷದಿಂದ ಮಾತಿಲ್ಲ ಎಂಬುದು ಕಾಲೇಜಿಗೆಲ್ಲ ಗೊತ್ತು. ಪಾಠಪಟ್ಟಿಯ ಮೀಟಿಂಗಿನಲ್ಲಿ ಏನೋ ಆಗಿತ್ತಂತೆ. ಇಬ್ಬರಿಗೂ ಗೋಡೆಯಾಚೆಯಿಂದ ಒಂದು ಜಗಳ ಹಚ್ಚಿದರೆ ಹೊತ್ತಾದರೂ ಹೋಗುತ್ತದೆ ಎಂದು ಲೆಕ್ಕ ಹಾಕಿದೆ. ಮೇಡಂ ಪಾಠ ದಿನವೂ ಮಧ್ಯಾಹ್ನದೊಳಗೆ ಎಲ್ಲರ ತಲೆಗೂ ಹತ್ತಿ, ಅವರು ಊಟಕ್ಕೆ ಹೋಗಿರುತ್ತಾರೆ; ಆ ಖಾಲಿ ಕೋಣೆಗೆ ಬಿಟ್ಟ ದನಿ ಅಲ್ಲಿಂದಲೇ ಬಂದ ಹಾಗೆ ಮೊಳಗುತ್ತದೆ. ನಾನು ಮಲಗುವವನಂತೆ ಹಿಂದಿನ ಪುಟ್ಟ ಕೋಣೆಗೆ ಹೋಗಿ, ಬೆಂಚು ಹತ್ತಿ, ಗವಾಕ್ಷಿಗೆ ಬಾಯಿಟ್ಟು, ಮೇಡಂ ದನಿಯಲ್ಲಿ ಕರೆದೆ. ಅವರು ಪ್ರತಿ ಹೆಜ್ಜೆಗೂ ‘ಎಲ್ಲಿಗ್ ಬಂದ್ವಿ’ ಎನ್ನುತ್ತಾರೆ, ಕೊನೆಯ ಅಕ್ಷರವನ್ನು ಜಾರುಬಂಡೆಯಲ್ಲಿ ಬಿಟ್ಟ ಹಾಗೆ.

“ಹಾಲಸ್ವಾಮಿಯವರೇ, ಎಲ್ಲಿಗ್ ಬಂದ್ವಿ? ಆ ಐ ಎಲ್ಲಿಂದ ಬಂತು ಅಂತ ಆ ಹುಡುಗನಿಗೆ ಯಾಕೆ ಹೇಳಲ್ಲ ನೀವು?”

ಕುರ್ಚಿ ಸರಿದ ಸದ್ದು. ಜಗಳಕ್ಕೆ ಕಾದೆ. ಸಾರ್ ದನಿ ತೀರ ಕೆಳಗಿತ್ತು.

“ಮೆಲ್ಲಗೆ ಮೇಡಂ. ಹುಡುಗ ಅಲ್ಲೇ ಗೋಡೆ ಪಕ್ಕ ಮಲಗಿದಾನೆ.”

“ಮಲಗಲಿ ಬಿಡ್ರೀ. ನೀವು ಹೇಳಿ.”

“ಏನಂತ ಹೇಳ್ಲಿ? ನನಗೇ ಗೊತ್ತಿಲ್ಲ.”

ನಾನು ಗವಾಕ್ಷಿಯ ಅಂಚು ಹಿಡಿದುಕೊಂಡೆ. ಸಾರ್ ಹೇಳುತ್ತಲೇ ಹೋದರು, ಎಷ್ಟೋ ಕಾಲದಿಂದ ಗಂಟಲಲ್ಲಿ ಇಟ್ಟುಕೊಂಡಿದ್ದನ್ನು ಬಿಟ್ಟವರಂತೆ. “ನಾನು ಓದಿದ್ದು ಬೇರೆ ಊರಲ್ಲಿ ಮೇಡಂ. ಅಲ್ಲಿ ಗಂಟೆ ಹೊಡೆದ್ರೆ ಬಾಗಿಲು ತೆರೀತಿತ್ತು. ಅರ್ಥ ಆದೋರೂ ಹೋಗ್ತಿದ್ರು, ಆಗದೋರೂ ಹೋಗ್ತಿದ್ರು. ನಮ್ಮ ಮೇಷ್ಟ್ರು ‘ಇಲ್ಲಿಂದ ಸುಲಭವಾಗಿ ಬರುತ್ತೆ’ ಅಂದ್ರು, ನಾನೂ ಹಂಗೇ ಕಲ್ತೆ. ಅವರ ಹಂಗೇ ‘ಸು’ ಎಳೀತೀನಿ ನೋಡಿ. ಇಲ್ಲಿ ಕೆಲಸಕ್ಕೆ ಬಂದ ಮೇಲೆ ಪ್ರತಿ ವರ್ಷ ಮಕ್ಕಳೇ ಹೆಂಗೋ ಅರ್ಥ ಮಾಡ್ಕೊಂಡು ಹೋಗ್ತಾರೆ, ನಾನು ಅವರ ಹಿಂದೆ ಹೋಗ್ತೀನಿ. ನಿಮ್ಮನ್ನ ಕೇಳ್ಬೇಕು ಅಂತ ಎಷ್ಟು ಸಲ ನಿಮ್ಮ ಕೋಣೆವರೆಗೆ ಬಂದಿದೀನಿ ಗೊತ್ತಾ? ಮಾತು ಬಿಟ್ಟಿದ್ದೂ ಅದಕ್ಕೇ. ಮಾತಾಡಿದ್ರೆ ಸಿಕ್ಕಿಬೀಳ್ತೀನಿ ಅಂತ ಭಯ.” ಕುರ್ಚಿಯನ್ನು ಗೋಡೆಗೆ ಇನ್ನಷ್ಟು ಹತ್ತಿರ ಎಳೆದುಕೊಂಡು, “ನೀವು ಹೇಳಿಕೊಡ್ತೀರಾ?” ಎಂದರು.

ಹೇಳಿಕೊಡಬೇಕಾದ ಮೇಡಂ ನಾನು! ಐ ಎಂದರೆ ಅಯ್ಯೋ ಎಂದಷ್ಟೇ ಗೊತ್ತಿದ್ದವನು. “ನಾಳೆ ಇದೇ ಹೊತ್ತಿಗೆ,” ಎಂದು ಜಾರುಬಂಡೆಯಲ್ಲಿ ಜಾರಿ ಬೆಂಚಿನಿಂದ ಇಳಿದೆ.

ಮರುದಿನ ಬೆಳಿಗ್ಗೆಯೇ ಗವಾಕ್ಷಿಗೆ ಕಿವಿ ಹಚ್ಚಿ ನಿಂತೆ. ಪುಣ್ಯಕ್ಕೆ ನಿಜವಾದ ಮೇಡಂ ಅದನ್ನೇ ಹೇಳುತ್ತಿದ್ದರು. “ಎಲ್ಲರೂ ಎದ್ದು ನಿಲ್ರಿ. ಪೂರ್ವಕ್ಕೆ ಮುಖ ಮಾಡಿ. ನೀವು ಪ್ಲಸ್ ಒಂದು. ಹಿಂದೆ ಇರೋ ಪಶ್ಚಿಮ ಮೈನಸ್ ಒಂದು. ಐ ಅಂದ್ರೆ ನಂಬರು ಅಂತ ಹೆದರ್ಬೇಡಿ, ಕಾಲು ಸುತ್ತು ತಿರುಗು ಅನ್ನೋ ಆಜ್ಞೆ ಅದು. ಹೀಗೆ ತಿರುಗಿ. ಮತ್ತೆ ಹೀಗೇ ತಿರುಗಿ. ಎಲ್ಲಿಗ್ ಬಂದ್ವಿ?” ಚಪ್ಪಲಿಗಳ ಸದ್ದು, ಬೆಂಚು ಎಳೆದ ಸದ್ದು, ಯಾರೋ ಯಾರಿಗೋ ಡಿಕ್ಕಿ ಹೊಡೆದು ನಕ್ಕದ್ದು, “ಪಶ್ಚಿಮಕ್ಕೆ ಮೇಡಂ!” ಎಂದು ಯೂನಸ್ ಕೂಗಿದ್ದು. ನನಗೆ ಕೇಳಿಸಿತ್ತೇ ಹೊರತು ಏನೂ ಕಾಣಿಸಿರಲಿಲ್ಲ. ಗವಾಕ್ಷಿಗೆ ಓರೆ ಹಲಗೆ ಹೊಡೆದಿದ್ದರು, ದನಿ ಮಾತ್ರ ತೂರುತ್ತಿತ್ತು.

ಅಲ್ಲಿಂದ ಆ ವಾರವೆಲ್ಲ ನಾನು ಎರಡು ಪಾಳಿಯ ನೌಕರನಾದೆ. ಬೆಳಿಗ್ಗೆ ಗವಾಕ್ಷಿಯಲ್ಲಿ ವಿದ್ಯಾರ್ಥಿ, ಮಧ್ಯಾಹ್ನ ಅದೇ ಗವಾಕ್ಷಿಯಲ್ಲಿ ಮೇಡಂ. ಸಾರ್ ನನಗಿಂತ ಒಳ್ಳೆಯ ವಿದ್ಯಾರ್ಥಿ. ಕೇಳಿದ್ದನ್ನು ಮತ್ತೆ ಕೇಳಲು ನಾಚುತ್ತಿರಲಿಲ್ಲ. “ಮೇಡಂ, ಸೈನ್‌ನ ಡಿಫರೆನ್ಷಿಯೇಟ್ ಮಾಡಿದ್ರೆ ಕೊಸೈನ್ ಆಗುತ್ತಲ್ಲ, ಅದೂ ತಿರುಗಿದ ಹಂಗೇನಾ?” ಎಂದು ಕೇಳಿದರು. ನನಗೆ ಗೊತ್ತಿರಲಿಲ್ಲ. “ಒಳ್ಳೇ ಪ್ರಶ್ನೆ ಮರೀ, ಯೋಚಿಸ್ತಿರಿ,” ಎಂದೆ, ಮೇಡಂ ಎಲ್ಲರನ್ನೂ ಮರಿ ಎನ್ನುವ ಅಭ್ಯಾಸ ನಾಲಿಗೆಗೆ ಬಂದು. ಗೋಡೆಯಾಚೆ ಸಾರ್ “ಆಗ್ಲಿ ಮೇಡಂ” ಎಂದರು, ಒಂಬತ್ತನೇ ತರಗತಿಯವರ ಹಾಗೆ. ಆ ಒಂದು ಗಂಟೆ ಇಡೀ ದಿನದಲ್ಲಿ ನಾವಿಬ್ಬರೂ ಮನಸ್ಸು ಬಿಚ್ಚಿ ಮಾತಾಡುತ್ತಿದ್ದ ಹೊತ್ತು. ಸಂಜೆಗೆ ಮತ್ತೆ ಅವರು ಬೋರ್ಡಿನ ಕಡೆ, ನಾನು ಕಿಟಕಿಯ ಕಡೆ. ನನಗೆ ನನ್ನ ಮೇಲೆಯೇ, ಅಂದರೆ ಮೇಡಂ ಮೇಲೆ, ಹೊಟ್ಟೆಕಿಚ್ಚಾಗುತ್ತಿತ್ತು.

ಶನಿವಾರ ಬಂತು. ನನ್ನ ಬ್ಯಾಚಿನವರೆಲ್ಲ ಹೊಸಬರ ಸ್ವಾಗತಕ್ಕೆ ಬಣ್ಣದ ಕಾಗದ ತರಲು ಪೇಟೆಗೆ ಹೋಗಿದ್ದರು. ಕಾಲೇಜು ಖಾಲಿ. ಕೊನೆಯ ಪಾಠವೆಂದು ನಾನು ಗವಾಕ್ಷಿಯಲ್ಲಿ ಮೊದಲಿನಿಂದ ಒಪ್ಪಿಸತೊಡಗಿದೆ. “ಪೂರ್ವಕ್ಕೆ ಮುಖ ಮಾಡಿ ನಿಲ್ಲಿ. ಬಲಕ್ಕೆ ತಿರುಗಿ.”

“ಬಲಕ್ಕಾ?” ಎಂದರು ಸಾರ್. “ಅವತ್ತು ಎಡಕ್ಕೆ ಅಂದ್ರಲ್ಲ ಮೇಡಂ?”

ಅವತ್ತು ಎಡಕ್ಕೆ ಎಂದಿದ್ದೆನೋ ಬಲಕ್ಕೆ ಎಂದಿದ್ದೆನೋ ನನಗೆ ನೆನಪಿದ್ದರೆ ತಾನೆ! ನೋಡಿದ್ದರೆ ನೆನಪಿರುತ್ತಿತ್ತು. “ಬಲಕ್ಕೇ,” ಎಂದೆ, ದನಿಯಲ್ಲಿ ಸಿಟ್ಟು ಬೆರೆಸಿ. ಮೇಡಂ ಸಿಟ್ಟು ನನಗೆ ಚೆನ್ನಾಗಿ ಬರುತ್ತದೆ.

ಆಮೇಲೆ ಸಾರ್ ತಮ್ಮೊಳಗೇ ಮಾತಾಡಿಕೊಳ್ಳುವುದು ಕೇಳಿತು. “ಎಡಕ್ಕೆ... ಮತ್ತೆ ಎಡಕ್ಕೆ... ಪಶ್ಚಿಮ. ಸರಿ. ಬಲಕ್ಕೆ... ಮತ್ತೆ ಬಲಕ್ಕೆ... ಅರೆ! ಇದೂ ಪಶ್ಚಿಮ!” ಚಪ್ಪಲಿಯ ಸದ್ದು ಜೋರಾಯಿತು. ಬೆಂಚೊಂದು ಬಿತ್ತು. ಇಷ್ಟು ವರ್ಷ ಬೋರ್ಡಿಗೆ ಮುಖ ಮಾಡಿ ನಿಂತಿದ್ದ ಮನುಷ್ಯ ಕೋಣೆಯ ತುಂಬ ಬುಗುರಿಯ ಹಾಗೆ ತಿರುಗುತ್ತಿದ್ದರು. ತಿರುಗುತ್ತ ತಿರುಗುತ್ತ ಅವರ ಬೆನ್ನು ಬಾಗಿಲಿಗೆ ತಾಗಿತು. ಬಾಗಿಲು ತೆರೆಯಿತು. ಸಾರ್ ಜಗಲಿಯ ಮೇಲೆ ದೊಪ್ಪೆಂದು ಬಿದ್ದರು.

ಬಿದ್ದದ್ದು, ಮರೆತುಹೋದ ಕೊಡೆ ತೆಗೆದುಕೊಂಡು ಹೋಗಲು ಬಂದಿದ್ದ ಚಂದ್ರಮತಿ ಮೇಡಂ ಕಾಲ ಬುಡದಲ್ಲಿ. ನನಗೆ ಬಾಗಿಲಿನ ಸದ್ದೂ ಗೊತ್ತಾಗಲಿಲ್ಲ, ಇನ್ನೊಂದು ಬೆಂಚು ಬಿತ್ತೆಂದುಕೊಂಡೆ. ಇಲ್ಲಿಂದ ಮುಂದಿನದು ಆಮೇಲೆ ಅವರಿಬ್ಬರೂ ಒಬ್ಬರ ಮಾತು ಒಬ್ಬರು ಕಸಿದುಕೊಂಡು ಹೇಳಿದ್ದು.

ಸಾರ್ ಏಳಲೂ ಇಲ್ಲ. ಬಿದ್ದಲ್ಲಿಂದಲೇ, “ಮೇಡಂ, ಗೊತ್ತಾಯ್ತು! ಡಿಫರೆನ್ಷಿಯೇಶನ್ನೂ ಕಾಲು ಸುತ್ತು ತಿರುಗೋದೇ! ಎರಡು ಸಲ ಮಾಡಿದ್ರೆ ಅಲೆ ಹಿಂದುಮುಂದಾಗಿ ನಿಲ್ಲುತ್ತೆ. ನಮ್ಮ ಸಮೀಕರಣದಲ್ಲಿ ಜಾಗದ ಕಡೆ ಎರಡು ಸಲ ತಿರುಗ್ತೀವಿ, ಕಾಲದ ಕಡೆ ಒಂದೇ ಸಲ. ಒಬ್ಬ ಪಶ್ಚಿಮಕ್ಕೆ ನೋಡ್ತಾನೆ, ಇನ್ನೊಬ್ಬ ಉತ್ತರಕ್ಕೆ. ಇಬ್ಬರೂ ಸಮ ಆಗ್ಬೇಕಾದ್ರೆ ಒಬ್ಬನನ್ನ ಇನ್ನೊಂದು ಕಾಲು ಸುತ್ತು ತಿರುಗಿಸ್ಬೇಕು. ಆ ತಿರುಗಿಸೋದೇ ಐ! ಎಡಕ್ಕೋ ಬಲಕ್ಕೋ ಅನ್ನೋದು ನಮ್ಮಿಷ್ಟ, ಒಂದು ಮೈನಸ್ ಚಿಹ್ನೆ ಅಷ್ಟೇ. ನೀವು ಬೇಕೂಂತಲೇ ತಪ್ಪು ಹೇಳಿ ನನ್ನ ಪರೀಕ್ಷೆ ಮಾಡಿದ್ರಿ ಅಲ್ವಾ?” ಎಂದರು.

“ಸರಿಯಾಗೇ ಇದೆ,” ಎಂದರು ಮೇಡಂ ನಿಧಾನವಾಗಿ. “ಆದ್ರೆ ನಿಮ್ಮ ಹತ್ರ ನಾನು ಮಾತಾಡಿ ಎಷ್ಟು ವರ್ಷ ಆಯ್ತು ಹಾಲಸ್ವಾಮಿಯವರೇ?”

ಸರಿಯಾಗಿ ಆ ಹೊತ್ತಿಗೆ ಒಳಗಿನಿಂದ ಮೇಡಂ ದನಿ ಜಾರುತ್ತ ಬಂತು: “ಎಲ್ಲಿಗ್ ಬಂದ್ವಿ? ಕೇಳಿಸ್ತಾ ಇದೆಯೇನ್ರೀ?”

ಉತ್ತರ ಬಾರದೆ ನಾನು ಪುಟ್ಟ ಕೋಣೆಯಿಂದ ಈಚೆಗೆ ಬಂದು ನೋಡಿದರೆ ಕೋಣೆಯಲ್ಲಿ ಯಾರೂ ಇಲ್ಲ. ಬೆಂಚುಗಳು ಬಿದ್ದಿವೆ. ಬಾಗಿಲು ಮುಚ್ಚಿದೆ. ವಿದ್ಯಾರ್ಥಿ ಒಳಗಿರುವಾಗ ಮೇಷ್ಟರು ಹೊರಗೆ ಹೋದದ್ದನ್ನು ನಮ್ಮೂರು ಕಂಡಿರಲಿಲ್ಲ. ಅಷ್ಟು ಖಾಲಿಯಾದ ಕೋಣೆಯನ್ನು ನಾನೂ ಕಂಡಿರಲಿಲ್ಲ. ಆಮೇಲೆ ಕಿಟಕಿಯಲ್ಲಿ ಎರಡು ಮುಖಗಳು ಕಾಣಿಸಿಕೊಂಡವು. ಮೇಡಂ ಮುಖ ನೋಡಿ ನನಗೆ ಎಲ್ಲ ತಿಳಿಯಿತು. ಓಡಿಹೋಗಿ ಬಾಗಿಲು ದೂಡಿದೆ. ಗೋಡೆ ದೂಡಿದ ಹಾಗೆ.

“ನನ್ನ ಹೆಸರಲ್ಲಿ ವಾರವೆಲ್ಲ ಪಾಠ ಮಾಡಿದವನು ಇವನೇನಾ?” ಎಂದರು ಮೇಡಂ. “ಮಾಡಿದವನಿಗೇ ಬಾಗಿಲು ಬಿಡ್ತಿಲ್ವಲ್ರೀ? ತನಗೇ ಗೊತ್ತಿಲ್ಲದ್ದನ್ನ ಇನ್ನೊಬ್ಬರಿಗೆ ಹೇಳಿಕೊಟ್ಟನಾ?”

“ಮೇಡಂ,” ಎಂದರು ಸಾರ್, “ನಾನು ಇಷ್ಟು ವರ್ಷ ಮಾಡಿದ್ದು ಮತ್ತೇನು?”

ನಾನು ತಲೆ ತಗ್ಗಿಸಿ ನಿಂತಿದ್ದೆ. ಬಾಗಿಲು ತೆರೆದ ಸದ್ದಾಯಿತು. ಸಾರ್ ಒಳಗೆ ಬಂದರು. ಮೈದಾನದಾಚೆ ಅವರ ಮನೆ ಕಾಣುತ್ತಿತ್ತು, ಅತ್ತ ತಿರುಗಿಯೂ ನೋಡದೆ ಬಂದರು. ಅವರ ಹಿಂದೆ ಮೇಡಂ. ನಾನು ತಪ್ಪಾಯಿತೆಂದು ಬಾಯಿ ತೆರೆದರೆ ಗಾಬರಿಯಲ್ಲಿ ಅದೂ ಮೇಡಂ ದನಿಯಲ್ಲೇ ಬಂತು. “ಬಾಯಿ ಮುಚ್ಚು,” ಎಂದರು ಸಾರ್, ಕೈಗೆ ಸೀಮೆಸುಣ್ಣ ಕೊಟ್ಟು. “ಮಾತು ಬೇಡ. ಬರಿ.”

ಬರೆಯುವುದಕ್ಕೆ ದನಿಯಿಲ್ಲ. ಯಾರ ಹಾಗೆ ಬರೆಯಲಿ? ನನ್ನ ಸೊಟ್ಟ ಅಕ್ಷರ ನನಗೇ ಹೊಸದಾಗಿ ಕಂಡಿತು. ಎಡಗಡೆ ಒಂದು ಸಲ, ಬಲಗಡೆ ಎರಡು ಸಲ, ಐ ಇರಬೇಕಾದ ಜಾಗದಲ್ಲಿ ಕೈ ನಿಂತುಹೋಯಿತು. ಸಾರ್ ಹೇಳಿಕೊಡಲಿಲ್ಲ. “ನೀನೀಗ ಯಾವ ಕಡೆ ಮುಖ ಮಾಡಿದೀಯ?” ಎಂದು ಮಾತ್ರ ಕೇಳಿದರು. ಬೋರ್ಡಿನ ಕಡೆ. ಒಮ್ಮೆ ತಿರುಗಿದೆ. ಕಿಟಕಿ. ಇನ್ನೊಮ್ಮೆ ತಿರುಗಿದೆ. ಖಾಲಿ ಬೆಂಚುಗಳು. ಬೋರ್ಡು ಬೆನ್ನ ಹಿಂದೆ ಇತ್ತು. ಒಂದು ವಾರ ಬಾಯಲ್ಲಿ ಉರುಳಿಸಿದ ಮಾತು ಮೊದಲ ಸಲ ಕಾಲಿಗೆ ಇಳಿಯಿತು. ಮತ್ತೆ ತಿರುಗಿದೆ, ನಿಂತೆ, ಒರೆಸಿದೆ, ಬರೆದೆ. ಮಧ್ಯಾಹ್ನವೆಲ್ಲ ಅದೇ ಆಯಿತು. ಮೇಡಂ ಒಂದು ಬೆಂಚಿನ ಮೇಲೆ ಕೊಡೆ ಇಟ್ಟುಕೊಂಡು ಕೂತಿದ್ದರು, ಒಂದು ಸಲವೂ ಎಲ್ಲಿಗೆ ಬಂದೆವೆಂದು ಕೇಳಲಿಲ್ಲ. ಹಸಿವಾದ ಹಾಗೆ ಅದು ತಾನಾಗಿ ಗೊತ್ತಾಯಿತು. ಹೇಗೆಂದು ನಿಮಗೆ ಹೇಳಲು ನನಗೂ ಬರುವುದಿಲ್ಲ.

ಬಾಗಿಲು ಮುಟ್ಟಿದೆ, ತೆರೆಯಿತು. ಇಳಿಬಿಸಿಲು ಕಣ್ಣಿಗೆ ಹೊಡೆಯಿತು. ಯಾರಾದರೂ ಹೊರಬಿದ್ದರೆ ಅವರ ಬ್ಯಾಚಿನವರು ಜಗಲಿಯಲ್ಲಿ ಸಾಲಾಗಿ ನಿಂತು, ಶಿಳ್ಳೆ ಹಾಕಿ, ಹೆಸರು ಕೂಗಿ ಬರಮಾಡಿಕೊಳ್ಳುವುದು ನಮ್ಮ ಕಾಲೇಜಿನ ರೂಢಿ. ಜಗಲಿಯಲ್ಲಿ ಒಂದು ನಾಯಿ ಮಲಗಿತ್ತು. ಅದೂ ಕಣ್ಣು ಬಿಡಲಿಲ್ಲ. ಹಗಲೂ ಇರುಳೂ ಕಾದ ಗಳಿಗೆ ಬಂದಿತ್ತು, ಎಲ್ಲಿ ನಿಲ್ಲಬೇಕೆಂದು ತಿಳಿಯದೆ ಕಂಬ ಹಿಡಿದು ನಿಂತೆ. ಆಮೇಲೆ ನನ್ನನ್ನು ನಾನೇ ಬರಮಾಡಿಕೊಂಡೆ. ಮೊದಲು ಯೂನಸ್‌ನ ಶಿಳ್ಳೆ, ಎರಡು ಬೆರಳಿನದು. ತ್ರಿವೇಣಿಯ “ಬಂದ್ನಪ್ಪಾ ಕೊನೆಗೂ!” ಹಲ್ಲುಜ್ಜುತ್ತ ಓಡಿದವನ ನೊರೆಬಾಯಿಯ ‘ಹೋ’. ಸಾಕಮ್ಮನ “ನನ್ನಪ್ಪಾ, ಇನ್ ಮೇಲೆ ತಟ್ಟೆ ಯಾರಿಗ್ ತರ್ಲಿ?” ಒಬ್ಬೊಬ್ಬರಾಗಿ ಇಡೀ ಬ್ಯಾಚನ್ನು ಆ ಖಾಲಿ ಜಗಲಿಯಲ್ಲಿ ನಿಲ್ಲಿಸಿದೆ. ಕಣ್ಣು ಮಂಜಾಗಿತ್ತು, ಗಂಟಲು ಮಾತ್ರ ಒಂದು ದನಿಯನ್ನೂ ತಪ್ಪಿಸಲಿಲ್ಲ. ಕೊನೆಗೆ ಚಂದ್ರಮತಿ ಮೇಡಂ ದನಿಯಲ್ಲಿ, “ಭೇಷ್ ಮರೀ, ನಿಮ್ಮ ಹಾಲಸ್ವಾಮಿಯವರಿಗಿಂತ ನೀನು ಒಂದು ಮಧ್ಯಾಹ್ನ ಅಷ್ಟೇ ತಡ,” ಎಂದೆ.

ಹಿಂದೆ ಮೇಡಂ ಕೊಡೆಯನ್ನು ಮುಖಕ್ಕೆ ಹಿಡಿದು ನಕ್ಕರು. ನನಗೂ ನಗು ಬಂತು. ಆದರೆ ನಮ್ಮಿಬ್ಬರ ನಗುವನ್ನೂ ಮುಳುಗಿಸಿ ಬಾಗಿಲ ನಡುವಿನಿಂದ ಇನ್ನೊಂದು ಬಂತು, ಹೊಟ್ಟೆಯಿಂದ ಎದ್ದು, ಉಸಿರು ಸಿಗದೆ, ಚೌಕಟ್ಟು ಹಿಡಿದು, ಬಗ್ಗಿ, ಮತ್ತೆ ಎದ್ದು, ಮೈದಾನದಾಚೆಯ ಮನೆಯ ಕಿಟಕಿ ತೆರೆಯುವಷ್ಟು ಜೋರಾಗಿ. ಅಷ್ಟು ತಿಂಗಳು ಜೊತೆಗಿದ್ದರೂ ಹಾಲಸ್ವಾಮಿ ಸಾರ್ ನಗುವುದನ್ನು ನಾನು ಕೇಳಿರಲಿಲ್ಲ. ಆ ಗದ್ದಲದಲ್ಲಿ ನನ್ನ ಗಂಟಲಿಗೆ ಬಾರದ ದನಿ ಅದೊಂದೇ ಇತ್ತು.